ಅಣ್ಣಿಗೇರಿಗೆ ಹೋಗಬೇಕಾದ ಗಾಡಿ

ಉಣಕಲ್, ಹುಬ್ಬಳ್ಳಿ
೧೮ ಜನವರಿ ೧೯೯೮

ಅಕ್ಕ ವಾಣಿಶ್ರೀಗೆ ತಮ್ಮ ಪ್ರಸಾದನ ಶರಣು.

ಇಷ್ಟು ವರ್ಷ ಬರೆಯದವನ ಕಾಗದವನ್ನು ನೀನು ಒಡೆಯದೆಯೇ ಒಲೆಗೆ ಹಾಕೀಯೆ ಎಂಬ ಹೆದರಿಕೆಯಿಂದ ಇನ್‌ಲ್ಯಾಂಡ್ ತಂದಿದ್ದೇನೆ. ಇದನ್ನು ಒಡೆಯದೆಯೂ ಸಂದಿನಿಂದ ಅರ್ಧ ಓದಬಹುದು.

ಅವ್ವನಿಗೆ ಮೈಯಲ್ಲಿ ನೆಟ್ಟಗಿಲ್ಲ. ದೀಪಾವಳಿಯಿಂದ ಕಾಲು ಬಾತಿವೆ, ಪಡಸಾಲೆಯಿಂದ ಕಟ್ಟೆಗೆ ಬಂದರೆ ಏದುಸಿರು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ತೋರಿಸಿದೆ. ಹೃದಯ ದಣಿದಿದೆ, ಉಪ್ಪು ಬಿಡಿಸಿರಿ, ಹೊಗೆ ಧೂಳು ತಾಗಿಸಬೇಡಿರಿ, ಬಸ್ಸಿನ ನೂಕಾಟದಲ್ಲಿ ಕರೆದೊಯ್ಯಬೇಡಿರಿ ಎಂದು ಡಾಕ್ಟರು ಹೇಳಿದರು. ಉಪ್ಪಿಲ್ಲದ ಸಾರು ಬಡಿಸುತ್ತಾಳೆಂದು ನನ್ನ ಹೆಂಡತಿ ಸುಕನ್ಯಾಳ ಮೇಲೆ ಅವ್ವನಿಗೆ ದಿನಾ ಸಿಟ್ಟು.

ಬೆಳಗಾದರೆ ಕಟ್ಟೆಯ ಮೇಲೆ ಕುಳಿತು ರಸ್ತೆ ನೋಡುತ್ತಾಳೆ. "ವಾಣಿ ಬರ್ತಾಳೇನೋ?" ಎನ್ನುತ್ತಾಳೆ. "ಬರ್ತಾಳವ್ವಾ" ಎನ್ನುತ್ತೇನೆ. "ಯಾರ ಹೋಗ್ಯಾರ ಕರಿಯಾಕ?" ಎಂದು ಕೇಳುತ್ತಾಳೆ.

ಅಪ್ಪ ತೀರಿದ ಮೇಲೆ ಹಿರಿಯರು ಪಾಲಿಗೆ ಕುಳಿತ ದಿನ ಆಡಬಾರದ್ದನ್ನು ಆಡಿದ್ದೇವೆ. ಅದನ್ನು ಮತ್ತೆ ಕೆದರುವುದು ಬೇಡ. ಅವ್ವನ ಸಲುವಾಗಿ ಒಮ್ಮೆ ಬಂದು ಹೋಗು. ಬಸ್ಸಿಗೆ ಬಂದರೆ ಒಂದು ತಾಸಿನ ದಾರಿ.

ನಿನ್ನ ತಮ್ಮ,
ಪ್ರಸಾದ


ಅಣ್ಣಿಗೇರಿ
೨೪ ಜನವರಿ ೧೯೯೮

ಪ್ರಸಾದನಿಗೆ,

ನಾನು ಬದುಕಿದ್ದೇನೆ. ನೀನೂ ಬದುಕಿದ್ದೀಯೆಂದು ತಿಳಿಯಿತು. ಕ್ಷೇಮಸಮಾಚಾರ ಇಷ್ಟೇ.

ಕೆದರುವುದು ಬೇಡ ಅಂತೀ. ಯಾಕೆ ಬೇಡ? ಆಡಬಾರದ್ದನ್ನು "ಆಡಿದ್ದೇವೆ" ಎಂದು ನನ್ನನ್ನೂ ಯಾಕೆ ಸೇರಿಸಿಕೊಂಡಿ? ನಾನು ಕೇಳಿದ್ದು ಒಂದೇ. ಹೊಲ ಬೇಡ, ಮನೆ ಬೇಡ, ಬಂಗಾರ ಬೇಡ, ಅಪ್ಪನ ಅಂಬಾಸಿಡರ್ ಗಾಡಿ ಕೊಡಿರಿ ಅಂದೆ. ಲಂಗ ಉಡುವ ವಯಸ್ಸಿನಿಂದ ಆ ಗಾಡಿಯ ಕೆಳಗೆ ಅಪ್ಪನ ಪಕ್ಕ ಮಲಗಿ ನಟ್ಟು ಬಿಚ್ಚುವ ಪಾನಾ ಎತ್ತಿ ಕೊಟ್ಟವಳು ನಾನು. ಉಣಕಲ್ ಕೆರೆಯ ದಂಡೆಯ ಮೇಲೆ ಅದನ್ನು ಓಡಿಸಲು ಕಲಿತವಳೂ ನಾನೇ. ನೀನು ಗ್ರೀಸು ಕಂಡರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ಆದರೂ ಎಲ್ಲರ ಎದುರು ಏನಂದಿ? "ಹೆಣ್ಣಮಗಳಿಗೆ ಗಾಡಿ ಯಾತಕ್ಕ? ವರ್ಷಾ ಪಂಚಮಿಗೆ ಅದ ಗಾಡಿ ತಗೊಂಡ ನಾನ ಕರಿಯಾಕ ಬರ್ತೇನಿ" ಅಂದಿ. ಹಿರಿಯರು ಹೌದು ಹೌದು ಅಂದರು. ನಾನೂ ಸುಮ್ಮನಾದೆ. ತಮ್ಮ ಬಂದು ಕರೆಯುತ್ತೇನೆ ಅಂದರೆ ಯಾವ ಹೆಣ್ಣುಮಗಳು ಬೇಡ ಅಂದಾಳು?

ಅಪ್ಪ ತೀರಿದ ವರ್ಷ ಹಬ್ಬವಿರಲಿಲ್ಲ, ಬಿಡು. ಮರುವರ್ಷ ಪಂಚಮಿಗೆ ಹೊಸ ಸೀರೆ ಉಟ್ಟು, ಚೀಲವನ್ನು ಬಾಗಿಲಲ್ಲಿಟ್ಟುಕೊಂಡು ಕುಳಿತೆ. ಓಣಿಯ ಹೆಣ್ಣುಮಕ್ಕಳನ್ನೆಲ್ಲ ಅಣ್ಣತಮ್ಮಂದಿರು ಬಂದು ಕರೆದೊಯ್ದರು. ಸಂಜೆಗೆ ನನ್ನ ನೆಗೆಣ್ಣಿ ಬಂದು, "ಪೆಟ್ರೋಲ್ ತುಟ್ಟಿ ಆಗಿರಬೇಕ ತಗೋರಿ" ಅಂದಳು. ಅವತ್ತಿನಿಂದ ಐದು ಪಂಚಮಿ ಆದವು.

ಅವ್ವನನ್ನು ನೋಡುವ ಆಸೆ ಎಷ್ಟಿದೆಯೆಂದು ನಿನಗೆ ಬರೆದು ತೋರಿಸುವುದಿಲ್ಲ. ಆದರೆ ಕರೆಯದೆ ಬಂದವಳು ಅನ್ನಿಸಿಕೊಂಡು ಆ ಹೊಸ್ತಿಲು ದಾಟಲಾರೆ. ಆಡಿದ ಮಾತು ನಡೆಸು. ಗಾಡಿ ತಗೊಂಡು ಬಾ, ಉಟ್ಟ ಸೀರೆಯಲ್ಲಿ ಹೊರಡುತ್ತೇನೆ.

ವಾಣಿಶ್ರೀ


ಉಣಕಲ್
೨೨ ಫೆಬ್ರವರಿ ೧೯೯೮

ಅಕ್ಕನಿಗೆ ಶರಣು.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ, ಕೆಲವು ಸಾಲು ಬಿಟ್ಟು. ಬಿಟ್ಟದ್ದೂ ಆಕೆಗೆ ತಿಳಿಯಿತು. "ಖರೇ ಐತಿ ಅಕಿ ಅನ್ನೂದು. ಬಸ್ಸಿಗೆ ಹೋಗಿ ಕರೀಬ್ಯಾಡ. ನಿಮ್ಮಪ್ಪನ ಗಾಡಿ ತಗೊಂಡ ಹೋಗು. ನಾನೂ ಹಿಂದಿನ ಸೀಟಿನ್ಯಾಗ ಕುಂತ ಬರ್ತೇನಿ" ಅಂದಳು. ಬೇಡವೆಂದರೂ ಕೇಳಲೊಲ್ಲಳು. ಆ ಮಾತು ಆಡಿದಂದಿನಿಂದ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಾಳೆ.

ಗಾಡಿ ಈ ಐದು ವರ್ಷ ಚಪ್ಪರದ ಕೆಳಗೇ ನಿಂತಿತ್ತು. ಜಗ್ಗಿಸಿಕೊಂಡು ಗಬ್ಬೂರಿನ ಗುಲಾಬಸಾಬನ ಗ್ಯಾರೇಜಿಗೆ ಒಯ್ದೆ. ಅಪ್ಪನ ಕಾಲದವನೇ, ಈಗ ಕನ್ನಡಕ ದಪ್ಪವಾಗಿದೆ. ಹೊಸ ಬ್ಯಾಟರಿ ಹಾಕಿ, ಪೆಟ್ರೋಲ್ ಟಾಕಿ ತೊಳೆದು ಚಾಲೂ ಮಾಡಿದ. ಎಂಜಿನ್ ಎದ್ದಿತು. ಅಪ್ಪ ಮನೆಗೆ ಬಂದಾಗಿನ ಅದೇ ಸಪ್ಪಳ ಕೇಳಿ ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಆದರೆ ಕಂಡಕಂಡಲ್ಲಿ ಎಣ್ಣೆ ಉಗುಳುತ್ತದೆ. ಮೇಲಿನ ಮುಚ್ಚಳದಿಂದ, ಎಣ್ಣೆ ಅಳೆಯುವ ಕಡ್ಡಿಯ ಸಂದಿನಿಂದ, ಹಿಂಬದಿಯಿಂದ. ಹಿಂಬದಿಯದು ಕ್ಲಚ್ಚಿಗೆ ಹತ್ತಿ, ಏರು ಬಂತೆಂದರೆ ಎಂಜಿನ್ ಒದರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಅದಕ್ಕಿಂತ ಹೆಚ್ಚಿನದು ಹೊಗೆ. ಮೊನ್ನೆ ಅವ್ವನನ್ನು ಕೂರಿಸಿಕೊಂಡು ಕೆರೆಯವರೆಗೆ ಹೋದೆ. ಸುಟ್ಟ ಎಣ್ಣೆಯ ಹೊಗೆ ಒಳಗೆ ತುಂಬಿತು. ಕೆಮ್ಮಿ ಕೆಮ್ಮಿ ಆಕೆಯ ತುಟಿ ನೀಲಿಯಾಯಿತು, ಎತ್ತಿ ಇಳಿಸಬೇಕಾಯಿತು. ಗುಲಾಬಸಾಬ ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿದ. ಮತ್ತೆ ಸೋರಿತು. ಮತ್ತೆ ಹಾಕಿದ. ಮತ್ತೆ ಸೋರಿತು.

ನಿನಗೆ ತಿಳಿಯುತ್ತದೆ. ಅದಕ್ಕೇ ಕೇಳುತ್ತಿದ್ದೇನೆ.

ಪ್ರಸಾದ


ಅಣ್ಣಿಗೇರಿ
೨ ಮಾರ್ಚ್ ೧೯೯೮

ಪ್ರಸಾದ,

ಮೊದಲ ಸಲ ಓದಿದಾಗ ಸಿಟ್ಟು ಬಂತು, ಎರಡನೆಯ ಸಲ ನಗು ಬಂತು. ಕುಣಿಯಲಾರದಾಕಿ ನೆಲ ಡೊಂಕು ಅಂದಳಂತೆ. ಗ್ಯಾಸ್ಕೆಟ್ ಏನು ಮಾಡೀತು ಪಾಪ?

ಗುಲಾಬಸಾಬನಿಗೂ ಇದನ್ನು ಓದಿ ಹೇಳು. ಪೆಟ್ರೋಲ್ ಸಿಡಿದಾಗ ಒಂದಿಷ್ಟು ಹೊಗೆ ಪಿಸ್ಟನ್ನಿನ ಬದಿಯಿಂದ ಕೆಳಗೆ, ಎಣ್ಣೆ ಇರುವ ಹೊಟ್ಟೆಗೆ ಇಳಿದೇ ಇಳಿಯುತ್ತದೆ. ಹೊಸ ಎಂಜಿನ್ನಿನಲ್ಲೂ ಇಳಿಯುತ್ತದೆ. ಅದು ಹೊರಗೆ ಹೋಗಲು ದಾರಿ ಬೇಕು. ದಾರಿ ಇಲ್ಲದಿದ್ದರೆ ಒಳಗೇ ಒತ್ತುತ್ತ, ಎಲ್ಲಿ ಸಂದು ಸಿಕ್ಕೀತೋ ಅಲ್ಲಿಂದ ಎಣ್ಣೆಯನ್ನು ನೂಕುತ್ತದೆ. ಕುಕ್ಕರಿನ ಸೀಟಿ ಒತ್ತಿ ಹಿಡಿದುಕೊಂಡು ರಬ್ಬರು ಸುಮಾರಿದೆ ಅಂದರೆ ಸುಕನ್ಯಾ ನಿನಗೆ ಏನಂದಾಳು? ನಮ್ಮ ಗಾಡಿಗೆ ದಾರಿ ಅಂದರೆ ಎಂಜಿನ್ನಿನ ಬದಿಯಿಂದ ನೆಲದ ಕಡೆ ಇಳಿದ ಕೊಳವೆ. ಅದರಿಂದ ಹೊಗೆ ರಸ್ತೆಗೆ ಹೋಗುತ್ತಿತ್ತು. ಗಾಡಿ ನಿಂತಾಗ ಒಂದಿಷ್ಟು ಒಳಗೂ ಬರುತ್ತಿತ್ತು. ಅಪ್ಪನಿಗೆ ಆ ವಾಸನೆ ರೂಢಿಯಾಗಿತ್ತು, ನನಗಂತೂ ಸೇರುತ್ತಿತ್ತು. ಅವ್ವನ ಎದೆಗೆ ಅದು ಆಗದು.

ಮೊದಲು ಒಂದು ಪರೀಕ್ಷೆ ಮಾಡಿರಿ. ಎಂಜಿನ್ ಚಾಲೂ ಇಟ್ಟು, ಎಣ್ಣೆ ಹಾಕುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ಒಂದು ಹಾಳೆ ಇಡು. ಹಾಳೆ ಸುಮ್ಮನೆ ಕುಳಿತರೆ ಚಿಂತೆಯಿಲ್ಲ. ಹಾರಿದರೆ ಒಳಗೆ ಒತ್ತಡ ಕೂಡಿದೆ ಎಂದು ಅರ್ಥ. ಏನಾಯಿತೆಂದು ಬರೆ.

ಮತ್ತೆ ಅವ್ವನನ್ನು ಆ ಹೊಗೆಯಲ್ಲಿ ಕೂರಿಸಿದೆಯೋ, ನೋಡು.

ವಾಣಿಶ್ರೀ


ಉಣಕಲ್
೨೯ ಮಾರ್ಚ್ ೧೯೯೮

ಅಕ್ಕನಿಗೆ ಶರಣು.

ಹಾಳೆ ಇಟ್ಟೆವು. ಇಟ್ಟ ಕೂಡಲೇ ಹಾರಿ ಗುಲಾಬಸಾಬನ ಕನ್ನಡಕಕ್ಕೆ ಬಡಿಯಿತು. "ಯಾ ಅಲ್ಲಾ, ಇದರ ಹೊಟ್ಯಾಗ ಗಾಳಿ ಸೇರೇತ್ರೀ" ಅಂದ. ಪಿಸ್ಟನ್ನಿನ ರಿಂಗ್ ಸವೆದಿರಬೇಕು, ಎಂಜಿನ್ ಪೂರಾ ಇಳಿಸಿ ಬೋರ್ ಮಾಡಿಸಬೇಕು ಎನ್ನುತ್ತಾನೆ. ಹಾಗಾದರೆ ಮಳೆಗಾಲ ಬಂದೀತು. ನಾನು ಹೂಂ ಅಂದು ಬಂದಿದ್ದೇನೆ.

ಇನ್ನೊಂದು ಮಾತು. ಇದನ್ನು ನಿನಗೆ ಹೇಳಬಾರದೆಂದು ಇದ್ದೆ. ನೀನು ಚೀಲ ಇಟ್ಟುಕೊಂಡು ಕುಳಿತ ಆ ಪಂಚಮಿಗೆ ನಾನು ಹೊರಟಿದ್ದೆ. ಬೆಳಿಗ್ಗೆ ಗಾಡಿ ತೊಳೆದು, ಅವ್ವ ಕಟ್ಟಿದ ಉಂಡಿಯ ಡಬ್ಬಿ ಇಟ್ಟುಕೊಂಡು ಹೊರಟೆ. ಶಿರಗುಪ್ಪಿಯಲ್ಲಿ ಕ್ಲಚ್ ಜಾರತೊಡಗಿತು. ಈಗ ಆಗುತ್ತಿರುವ ಹಾಗೆಯೇ. ಎಂಜಿನ್ ಒದರಿತು, ಗಾಡಿ ಅಲ್ಲೇ ನಿಂತಿತು. ಹತ್ತಿ ಹೇರಿದ ಲಾರಿಯ ಹಿಂದೆ ಹಗ್ಗ ಕಟ್ಟಿ ಮನೆಗೆ ತಂದೆ. ಮರುವರ್ಷ, ಅದರ ಮರುವರ್ಷ, ನೀನು ನನ್ನ ಮೇಲೆ ಕೆಂಡ ಕಾರುತ್ತೀ ಎಂದು ಊರಿಂದ ಊರಿಗೆ ಸುದ್ದಿ ಬಂತು. ನಾನೂ ಬಿಗಿದುಕೊಂಡು ಕುಳಿತೆ.

ಅವ್ವ ಸ್ವಲ್ಪ ಸೋತಿದ್ದಾಳೆ. ಯುಗಾದಿಯ ಬೇವು ಮಾತ್ರ ಕೇಳಿ ತಿಂದಳು.

ಪ್ರಸಾದ


ಅಣ್ಣಿಗೇರಿ
೫ ಏಪ್ರಿಲ್ ೧೯೯೮

ಪ್ರಸಾದ,

ನಿನ್ನ ಕಾಗದ ಹಿಡಿದು ಹಿತ್ತಲಿಗೆ ಹೋಗಿ ಒಬ್ಬಳೇ ಕುಳಿತೆ. ಅಲ್ಲೋ, ಶಿರಗುಪ್ಪಿಯವರೆಗೆ ಬಂದಿದ್ದೆಯಾ? ಅಲ್ಲಿಂದ ಇಲ್ಲಿಗೆ ಎಷ್ಟು ದೂರ? ಗಾಡಿಯನ್ನು ಅಲ್ಲೇ ಬಿಟ್ಟು, ಡಬ್ಬಿ ಹಿಡಿದುಕೊಂಡು ಹಿಂದಿನ ಬಸ್ಸು ಹತ್ತಿ ಬಂದಿದ್ದರೆ ನಾನು ಏನನ್ನುತ್ತಿದ್ದೆ? "ಗಾಡಿ ಎಲ್ಲಿ?" ಅಂತ ಒಂದು ಮಾತು ಅಂದೇನು. ಅಂದು, ನಿನ್ನ ಜೊತೆ ಬಸ್ಸು ಹತ್ತುತ್ತಿದ್ದೆ. ಐದು ವರ್ಷ, ಪ್ರಸಾದ. ಐದು ವರ್ಷ ನಾನು ನಿನ್ನನ್ನು ಬೈದ ಬೈಗಳೆಲ್ಲ ಈಗ ಎಲ್ಲಿ ಇಡಲಿ?

ಇರಲಿ. ಗಾಡಿಯ ಮಾತಿಗೆ ಬರುತ್ತೇನೆ, ಅದೇ ಸುಲಭ.

ಗುಲಾಬಸಾಬ ಎತ್ತು ಈಯಿತು ಅಂದರೆ ನೀನು ಕೊಟ್ಟಿಗೆಯಲ್ಲಿ ಕಟ್ಟು ಅಂತೀಯಲ್ಲ! ರಿಂಗ್ ಸವೆದಿದ್ದರೆ ಸೈಲೆನ್ಸರಿನಿಂದ ನೀಲಿ ಹೊಗೆ ಬರಬೇಕು. ಬರುತ್ತದೆಯೇ? ನೀನು ಬರೆದಿಲ್ಲವೆಂದರೆ ಬರುತ್ತಿಲ್ಲ. ಎಂಜಿನ್ ಬಿಚ್ಚಬೇಡಿರಿ. ಆ ಹೊಗೆಯನ್ನು ರಸ್ತೆಗೂ ಬಿಡಬೇಡಿ, ಗಾಡಿಯೊಳಗೂ ಬಿಡಬೇಡಿ. ಎಂಜಿನ್ನಿಗೇ ತಿರುಗಿ ಕುಡಿಸಿರಿ. ಈಗಿನ ಮಾರುತಿಗಳಲ್ಲಿ ಇದಕ್ಕೆಂದೇ ಹೆಬ್ಬೆರಳಿನಷ್ಟು ಸಣ್ಣ ವಾಲ್ವ್ ಇರುತ್ತದೆ, ಗಾಳಿಯನ್ನು ಒಂದೇ ಕಡೆ ಬಿಡುತ್ತದೆ. ಇಲ್ಲಿಯ ಡಾಕ್ಟರರ ಮಾರುತಿಯ ಬಾನೆಟ್ ತೆಗೆಸಿ ನೋಡಿ ಬಂದೆ. ಡಾಕ್ಟರು ನನಗೇ ಮೈಯಲ್ಲಿ ಹುಷಾರಿಲ್ಲ ಎಂದುಕೊಂಡರು. ಎಂಜಿನ್ನಿನ ಮೇಲಿನ ಮುಚ್ಚಳಕ್ಕೆ ಒಂದು ರಬ್ಬರ್ ಪೈಪು ಕೂರಿಸಿ, ನಡುವೆ ಆ ವಾಲ್ವ್ ಹಾಕಿ, ಇನ್ನೊಂದು ತುದಿಯನ್ನು ಕಾರ್ಬೊರೇಟರಿನ ಕೆಳಗೆ ಎಂಜಿನ್ ಗಾಳಿ ಎಳೆಯುವ ಕಡೆ ತೂತು ಕೊರೆದು ಜೋಡಿಸಿರಿ. ವಾಲ್ವ್ ತಿರುವುಮುರುವು ಆಗಬಾರದು. ಎಂಜಿನ್ ಎಳೆಯುವಾಗ ಒಳಗಿನ ಹೊಗೆಯನ್ನೂ ಎಳೆದುಕೊಂಡು ಸುಟ್ಟುಹಾಕುತ್ತದೆ. ಅವ್ವನ ಮೂಗಿಗೆ ಏನೂ ಬರುವುದಿಲ್ಲ.

ಬೇವು ತಿಂದಳೆಂದು ಬರೆದಿ, ಬೆಲ್ಲ ತಿನ್ನಲಿಲ್ಲವೇ?

ವಾಣಿಶ್ರೀ


ಉಣಕಲ್
೧೦ ಮೇ ೧೯೯೮

ಅಕ್ಕನಿಗೆ ಶರಣು.

ವಾಲ್ವ್ ಸಿಕ್ಕಿತು, ಪೈಪು ಕೂರಿಸಿದ್ದಾಯಿತು. ಗುಲಾಬಸಾಬ ಮೊದಲು ನಂಬಲಿಲ್ಲ. ಈಗ ಬಂದವರಿಗೆಲ್ಲ ಬಾನೆಟ್ ಎತ್ತಿ ತೋರಿಸುತ್ತಾನೆ. "ನಮ್ಮ ಶಾಂತಯ್ಯ ಸಾವಕಾರರ ಮಗಳು ಬರದ ಕಳಿಸ್ಯಾರ" ಎನ್ನುತ್ತಾನೆ.

ಗಾಡಿ ನಿಂತಲ್ಲಿ ಸರಿಯಾಗಿದೆ. ಹಾಳೆ ಹಾರುವುದಿಲ್ಲ. ಆದರೆ ಏರು ಹತ್ತಿಸಿದರೆ ಮತ್ತೆ ಅದೇ ಪಾಡು. ಎಣ್ಣೆಯ ಕಡ್ಡಿ ಮೇಲಕ್ಕೆ ಜಿಗಿಯುತ್ತದೆ, ಕ್ಲಚ್ಚಿಗೆ ಎಣ್ಣೆ ಹತ್ತುತ್ತದೆ, ಹೊಗೆ ಒಳಗೆ ಬರುತ್ತದೆ. ನವಲೂರ ಏರಿನಲ್ಲಿ ಎರಡು ಸಲ ನಿಂತಿತು.

ಬಸ್ಸಿಗೆ ಹೋಗಿ ನಿನ್ನನ್ನು ಕರೆತರಲು ಸುಕನ್ಯಾ ದಿನಾ ಹೇಳುತ್ತಾಳೆ. ಅವ್ವನನ್ನು ಕೇಳಿದರೆ, "ಇಷ್ಟ ದಿನಾ ಕಾದೇನಿ, ಇನ್ನ ನಾಕ ದಿನ ಕಾಯ್ತೇನಿ. ನಾನ ಹೋಗಿ ಕರಕೊಂಡ ಬರ್ತೇನಿ ಅಕಿನ್ನ" ಎನ್ನುತ್ತಾಳೆ. ನನಗೂ ಇಷ್ಟು ಮಾಡಿ ಈಗ ಬರಿಗೈಯಲ್ಲಿ ಬಸ್ಸಿನಿಂದ ಇಳಿಯಲು ಮನಸ್ಸಾಗುತ್ತಿಲ್ಲ. ನೀನು ಏನನ್ನುತ್ತೀ?

ಅವ್ವ ಇದ್ದಾಳೆ.

ಪ್ರಸಾದ


ಅಣ್ಣಿಗೇರಿ
೨೦ ಮೇ ೧೯೯೮

ಪ್ರಸಾದ,

"ಅವ್ವ ಇದ್ದಾಳೆ" ಎಂದು ಬರೆದಿ. ಆ ಸಾಲನ್ನು ಮುಂದಿನ ಕಾಗದದಲ್ಲಿ ಉದ್ದ ಮಾಡು. ಏನು ಉಣ್ಣುತ್ತಾಳೆ, ಒರಗಿ ಮಲಗುತ್ತಾಳೋ ಕುಳಿತೇ ನಿದ್ದೆ ಮಾಡುತ್ತಾಳೋ, ಎಲ್ಲ ಬರೆ.

ನಿಂತಾಗ ಸರಿ, ಏರಿನಲ್ಲಿ ತಪ್ಪು. ಹಾಗಾದರೆ ನಾವು ಮಾಡಿದ ಹೊಸ ದಾರಿ ಸಣ್ಣದು, ಹಳೆಯ ದಾರಿ ಮುಚ್ಚಿದೆ. ಕೆಳಗಿನ ಕೊಳವೆಯನ್ನು ನೋಡಿದಿರಾ ಅಂದರೆ ಗುಲಾಬಸಾಬ ನೋಡಿದೆ ಅಂದಾನು. ಹೊರಗಿನಿಂದ ಗ್ರೀಸು ಕಂಡು ಬಿಟ್ಟಿರುತ್ತಾನೆ. ಕೊಳವೆಯನ್ನು ಬುಡದಿಂದ ಬಿಚ್ಚಿ ಕೈಗೆ ತೆಗೆದುಕೊಂಡು ಈ ಕಡೆಯಿಂದ ಆ ಕಡೆಗೆ ಬೆಳಕು ನೋಡಲು ಹೇಳು. ಆಮೇಲೆ ಮೇಲಿನ ಪೈಪು ಅಲ್ಲಿಂದ ತೆಗೆದು, ಕೊಳವೆಯಿದ್ದ ಜಾಗಕ್ಕೆ ಜೋಡಿಸಿರಿ. ನಡುವೆ ಕಬ್ಬಿಣದ ನಾರು ತುಂಬಿದ ಒಂದು ಡಬ್ಬಿ ಇರಲಿ, ಎಣ್ಣೆ ಅಲ್ಲೇ ತಡೆದು ಬರೀ ಹೊಗೆ ಮುಂದೆ ಹೋಗುತ್ತದೆ.

ಬಸ್ಸಿನ ಮಾತು ಕೇಳಿದಿ. ಅವ್ವ ತಾನೇ ಬರುತ್ತೇನೆ ಅಂದಮೇಲೆ ನಾನು ಏನು ಹೇಳಲಿ? ಬರಲಿ. ನಮ್ಮ ಅವ್ವ ಗಾಡಿಯಿಂದ ಇಳಿಯುವುದನ್ನು ಈ ಓಣಿಯ ಮಂದಿ ನೋಡಲಿ. ಲಗೂ ಮಾಡಿರಿ.

ವಾಣಿ


ಉಣಕಲ್
೧೪ ಜೂನ್ ೧೯೯೮

ಅಕ್ಕ,

ನಗಬೇಕೋ ಅಳಬೇಕೋ ತಿಳಿಯದೆ ಬರೆಯುತ್ತಿದ್ದೇನೆ.

ಕೊಳವೆ ಬಿಚ್ಚಿದೆವು. ಬೆಳಕು ಕಾಣಲಿಲ್ಲ. ಗುಲಾಬಸಾಬ ತಂತಿ ಹಾಕಿ ಜಗ್ಗಿದ, ಬರಲಿಲ್ಲ. ಕಾಸಿ ಬಡಿದ ಮೇಲೆ ಕರ್ರಗಿನ ಒಂದು ತುಂಡು ನೆಲಕ್ಕೆ ಬಿತ್ತು. ತಿರುವಿ ನೋಡಿದರೆ ಕಾಳು ಬಿಡಿಸಿದ ಗೋವಿನಜೋಳದ ದಿಂಡು. ಯಾರೋ ಅಳತೆ ನೋಡಿ ಕತ್ತರಿಸಿ, ಕೋಲಿನಿಂದ ಒಳಗೆ ಗಿಡಿದಿದ್ದಾರೆ.

ಮನೆಗೆ ತಂದು ಅವ್ವನಿಗೆ ತೋರಿಸಿದೆ. ಗುರುತು ಹಿಡಿದಳು. "ಅಯ್ಯ, ಇದು ಅಲ್ಲೇ ಇತ್ತೇನೋ? ನಾನ ತುರುಕಿದ್ದೆ" ಅಂದಳು. ಅಪ್ಪ ಇರುವವರೆಗೆ ಗಾಡಿಯ ಕೆಳಗೆ ಡಬ್ಬಿ ಇಡುತ್ತಿದ್ದ, ಎಣ್ಣೆ ಅದರಲ್ಲಿ ಬೀಳುತ್ತಿತ್ತು. ಅಪ್ಪ ಹೋದ ಮೇಲೆ ಡಬ್ಬಿ ಇಡುವವರಿಲ್ಲ. ಸಗಣಿ ಸಾರಿಸಿ ರಂಗೋಲಿ ಹಾಕಿದ ಅಂಗಳದಲ್ಲಿ ದಿನಾ ಬೆಳಿಗ್ಗೆ ಕರಿ ಹನಿ. "ನಿನಗ ಹೇಳಿದರ ನೀ ಕೇಳವಲ್ಲಿ. ಅದಕ್ಕ ಪಂಚಮಿ ಮುಂದ ಒಂದ ದಿನ ಅದರ ಬಾಯಿ ಮುಚ್ಚಿದೆ. ಆಮ್ಯಾಲ ಒಂದ ಹನೀನೂ ಬೀಳಲಿಲ್ಲ ನೋಡು" ಅಂದಳು, ಹೆಮ್ಮೆಯಿಂದ. ನಾನು ನಕ್ಕೆ. ಸುಕನ್ಯಾಳೂ ನಕ್ಕಳು. ಅವ್ವನೂ ಕೆಮ್ಮುತ್ತ ನಕ್ಕಳು.

ಪಂಚಮಿಯ ಮುಂದೆ ಅಂದರೆ ಯಾವ ಪಂಚಮಿ ಎಂದು ನನಗೆ ತಿಳಿಯಿತು. ನಿನಗೂ ತಿಳಿಯುತ್ತದೆ. ಅವ್ವನಿಗೆ ಹೇಳಲಿಲ್ಲ.

ನೀನು ಕೇಳಿದ್ದೀಯೆಂದು ಬರೆಯುತ್ತೇನೆ. ಈಗ ಅವ್ವ ಕುಳಿತೇ ನಿದ್ದೆ ಮಾಡುತ್ತಾಳೆ. ಗಂಜಿ, ಎರಡು ಚಮಚ ಹಾಲು. ಕಟ್ಟೆಗೆ ಎತ್ತಿಕೊಂಡು ಹೋಗಿ ಕೂರಿಸುತ್ತೇವೆ.

ಗುಲಾಬಸಾಬ ಡಬ್ಬಿ, ಪೈಪು ಎಲ್ಲ ಜೋಡಿಸುತ್ತಿದ್ದಾನೆ. ಇಪ್ಪತ್ತೆರಡರ ಸೋಮವಾರ ಗಾಡಿ ಕೊಡುತ್ತೇನೆ ಅಂದಿದ್ದಾನೆ. ದಿನ ನೀನೇ ಹೇಳು.

ಪ್ರಸಾದ


ಅಣ್ಣಿಗೇರಿ
೧೮ ಜೂನ್ ೧೯೯೮

ಪ್ರಸ್ಯಾ,

ಎಷ್ಟು ವರ್ಷವಾಯಿತು ನಿನ್ನನ್ನು ಹೀಗೆ ಕರೆದು! ದಿಂಡಿನ ಸುದ್ದಿ ಓದಿ ನಾನೂ ನಕ್ಕೆ, ಆಮೇಲೆ ಅತ್ತೆ. ಆಕೆಗೆ ಹೇಳದೆ ಇದ್ದದ್ದು ಛಲೋ ಮಾಡಿದಿ. ಎಂದೂ ಹೇಳಬೇಡ.

ಸೋಮವಾರ ಗಾಡಿ ಬಂದರೆ ಅವತ್ತೇ ಇಲ್ಲಿಗೆ ಹೊರಡಬೇಡ, ಒಂದು ಸುತ್ತು ಹಾಕಿ ನೋಡು. ಹೊಸ ಪೈಪಿನಿಂದ ಗಾಳಿ ಹೆಚ್ಚು ಬರುತ್ತದೆ, ಕಾರ್ಬೊರೇಟರಿನ ಸ್ಕ್ರೂ ಸ್ವಲ್ಪ ತಿರುವಬೇಕಾದೀತು. ಮಂಗಳವಾರ ಬೇಡ, ಹೆಣ್ಣುಮಗಳು ಮನೆಯಿಂದ ಹೊರಡುವ ದಿನವಲ್ಲ, ನಮ್ಮ ಅತ್ತೆ ಬಿಡುವುದಿಲ್ಲ. ಬುಧವಾರ ಮಣ್ಣೆತ್ತಿನ ಅಮಾವಾಸ್ಯೆ. ಗುರುವಾರ, ಇಪ್ಪತ್ತೈದಕ್ಕೆ ಬರ್ರಿ. ಅವ್ವನಿಗೆ ಹಿಂದಿನ ಸೀಟಿನಲ್ಲಿ ದಿಂಬು ಇಡು, ಕಿಟಕಿ ಅರ್ಧ ಇಳಿಸು. ನಾನು ಉಪ್ಪಿಲ್ಲದೆ ಅಡಿಗೆ ಮಾಡಿ ಇಟ್ಟಿರುತ್ತೇನೆ. ನನ್ನ ಕೈಯ ಊಟಕ್ಕೆ ಆಕೆ ಸಿಟ್ಟು ಮಾಡುವುದಿಲ್ಲ.

ಅಕ್ಕ


ಉಣಕಲ್
೧೨ ಜುಲೈ ೧೯೯೮

ಅಕ್ಕನಿಗೆ,

ನೀನು ಇಲ್ಲಿದ್ದ ಹನ್ನೊಂದು ದಿನ ನಾವಿಬ್ಬರೂ ಒಂದು ಮಾತು ನೆಟ್ಟಗೆ ಆಡಲಿಲ್ಲ. ಬಂದುಹೋಗುವ ಮಂದಿ, ಸ್ವಾಮಿಗಳು, ಪಂಗತಿ. ನೀನು ಹೊರಟಾಗ ಗಾಡಿಯಲ್ಲಿ ಬಿಟ್ಟು ಬರುತ್ತೇನೆ ಅಂದೆ. ನೀನು ತಲೆ ಅಲ್ಲಾಡಿಸಿ ಬಸ್ ನಿಲ್ದಾಣದ ಕಡೆ ನಡೆದೆ. ಕೀಲಿ ಕೈಯಲ್ಲೇ ಉಳಿಯಿತು. ಅದಕ್ಕೆ ಬರೆಯುತ್ತಿದ್ದೇನೆ, ಎದುರಿಗೆ ಹೇಳಲು ನನ್ನಿಂದ ಆಗಲಿಲ್ಲ.

ಸೋಮವಾರ ಸಂಜೆ ಗುಲಾಬಸಾಬ ತಾನೇ ಗಾಡಿ ತಂದು ಕೊಟ್ಟ. ನವಲೂರ ಏರು ಒಂದೇ ಉಸಿರಿಗೆ ಹತ್ತಿಸಿದ್ದ. ಹಾಳೆ ಇಟ್ಟರೆ ಬಾಯಿಗೆ ಮೆಲ್ಲಗೆ ಅಂಟಿಕೊಂಡಿತು. ಅವ್ವನನ್ನು ಎತ್ತಿ ಹಿಂದೆ ಕೂರಿಸಿ ಕೆರೆಯವರೆಗೆ ಹೋದೆ. ಕೆಮ್ಮಲಿಲ್ಲ. ಮೂಗು ಎಳೆದು ನೋಡಿದಳು, ಮತ್ತೆ ಎಳೆದು ನೋಡಿದಳು. "ಏನೂ ವಾಸನಿ ಇಲ್ಲಲೋ" ಅಂದಳು. ಆಮೇಲೆ, "ಪ್ರಸಾದಾ, ಮನೀಗೆ ಯಾಕ ಹೊಳ್ಳಸ್ತಿ? ಹಿಂಗ ಅಣ್ಣಿಗೇರಿಗೆ ನಡಿ" ಅಂದಳು.

ಅಕ್ಕ, ಪೆಟ್ರೋಲ್ ಇತ್ತು. ಬೆಳಕಿತ್ತು. ನಾನು ಅಂದೆ: "ಈಗ ಬ್ಯಾಡವ್ವ. ನಾಳೆ ಮಂಗಳವಾರ, ನಾಡಿದ್ದ ಅಮಾಸಿ. ಗುರುವಾರ ಬರ್ರಿ ಅಂತ ಅಕ್ಕನ ಬರದಾಳ." ಆಕೆ ಮತ್ತೆ ಕೇಳಲಿಲ್ಲ. ಗಾಡಿ ಹೊರಳಿಸಿದೆ.

ಮನೆ ಹತ್ತಿರ ಬಂದಾಗ, "ಆ ವರ್ಷ ಶಿರಗುಪ್ಪ್ಯಾಗ ಗಾಡಿ ನಿಂತದ್ದು ನನ್ನ ದಿಂಡಿನಿಂದನ ಹೌದಲ್ಲೋ?" ಎಂದು ಕೇಳಿದಳು. ನಾವು ಮುಚ್ಚಿಟ್ಟರೆ ಏನು, ಆಕೆ ತನ್ನಷ್ಟಕ್ಕೇ ಕೂಡಿಸಿ ಕಳೆದು ನೋಡಿದ್ದಳು. "ಅಲ್ಲವ್ವ, ಕ್ಲಚ್ ಹಳೇದಾಗಿತ್ತು" ಅಂದೆ. "ಹಂಗಾದ್ರ ಛಲೋ ಆತು" ಅಂದಳು. ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಮಂಗಳವಾರ ಇಡೀ ದಿನ ಚೀಲ ತುಂಬಿಸಿದಳು. ನಿನಗೆಂದು ಇಟ್ಟ ಇಳಕಲ್ ಸೀರೆ, ನಿಮ್ಮ ಮನೆಯವರಿಗೆ ಧೋತರ. ಬುಧವಾರ ನಸುಕಿನಲ್ಲಿ ಸುಕನ್ಯಾ ಹಾಲು ಕೊಡಲು ಹೋದಳು. ಅವ್ವ ಕುಳಿತಲ್ಲೇ ಹೋಗಿದ್ದಳು.

ನೀನು ಸುದ್ದಿ ಕೇಳಿ ಬಸ್ಸು ಹಿಡಿದು ಬಂದಿ, ಯಾರೂ ಕರೆಯದೆ. ಪಡಸಾಲೆಯಲ್ಲಿ ವಿಭೂತಿ ಹಚ್ಚಿ ಕೂರಿಸಿದ ಅವ್ವನ ಕಾಲ ಮೇಲೆ ತಲೆಯಿಟ್ಟಿ. ಆ ಬಸ್ಸಿಗೆ ನಾನು ಜನವರಿಯಲ್ಲೇ ಬರಬಹುದಿತ್ತು. ಆ ಐದು ತಿಂಗಳು ನಾವು ಎಂಜಿನ್ನಿನ ಮಾತೇ ಆಡಿದೆವು.

ಗಾಡಿಯ ಕಾಗದಪತ್ರ ನಿನ್ನ ಹೆಸರಿಗೆ ಮಾಡಿಸಲು ಕೊಟ್ಟಿದ್ದೇನೆ. ನನ್ನನ್ನು ನೀನು ಕ್ಷಮಿಸಬೇಕೆಂದು ಅಲ್ಲ. ಅದು ಅಂದೇ ನಿನ್ನದಾಗಬೇಕಿತ್ತು.

ಪ್ರಸಾದ


ಅಣ್ಣಿಗೇರಿ
೧೮ ಜುಲೈ ೧೯೯೮

ಪ್ರಸಾದ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಅಡಿಗೆ ಮನೆಯಲ್ಲಿ ಓದಿದೆ, ಒಲೆಯ ಮೇಲಿನ ರೊಟ್ಟಿ ಸೀದು ಹೋಯಿತು. ನಮ್ಮ ಮನೆಯವರು ಬಂದು ಏನಾಯಿತು ಅಂದರು. ಕಾಗದ ಅವರ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ.

ಗುರುವಾರ ಎಂದು ಬರೆದ ಕೈ ನನ್ನದು. ನಿನ್ನೊಬ್ಬನ ತಲೆಗೆ ಕಟ್ಟಿಕೊಳ್ಳಬೇಡ, ಅಷ್ಟೂ ದುಃಖ ನೀನೇ ನುಂಗಿದರೆ ನನಗೆ ಏನು ಉಳಿಯಿತು? ನಿನಗೆ ಗೊತ್ತಿಲ್ಲದ್ದು ಒಂದಿದೆ. "ಅವ್ವ ಇದ್ದಾಳೆ" ಎಂದು ನೀನು ಬರೆದೆಯಲ್ಲ, ಅದನ್ನು ಓದಿದ ದಿನ ನಾನು ಯಾರಿಗೂ ಹೇಳದೆ ಬಸ್ ನಿಲ್ದಾಣಕ್ಕೆ ಹೋದೆ. ಹುಬ್ಬಳ್ಳಿ ಬಸ್ಸು ಬಂತು. ಹತ್ತಿ ಕುಳಿತೆ. ಕಂಡಕ್ಟರ್ ಎಲ್ಲಿಗೆ ಅಂದ. ನಮ್ಮ ನೆಗೆಣ್ಣಿಯ ಮುಖ ಕಣ್ಣ ಮುಂದೆ ಬಂತು, ತಾನೇ ಹೋದಳು ನೋಡು ಅಂದಾಳು ಅನ್ನಿಸಿತು. ಇಳಿದು ಮನೆಗೆ ಬಂದು, ನಿನಗೆ ಕೊಳವೆ ಬಿಚ್ಚಿರಿ ಎಂದು ಕಾಗದ ಬರೆದೆ. ಈಗ ಆ ನೆಗೆಣ್ಣಿಯೇ ನನ್ನ ಹತ್ತಿರ ಬಂದು ಕೂತು ಅಳುತ್ತಾಳೆ. ಆಕೆಯನ್ನು ಏನೂ ಅನ್ನುವಂತಿಲ್ಲ. ಆಕೆ ಒಂದು ಮಾತು ಅಂದಳು, ನಾನು ಐದು ವರ್ಷ ಅದನ್ನು ಹೊತ್ತುಕೊಂಡು ತಿರುಗಿದೆ.

ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿದ್ದಕ್ಕೆ ಬೇಡ ಅನ್ನುವುದಿಲ್ಲ. ನನಗೆ ಬೇಕಾಗಿತ್ತು, ಈಗಲೂ ಬೇಕು. ಸುಕನ್ಯಾಳನ್ನು ಕೂರಿಸಿಕೊಂಡು ನಾನೇ ಓಡಿಸುತ್ತೇನೆ, ಅವಳಿಗೂ ಕಲಿಸುತ್ತೇನೆ. ಅದು ನಿಧಾನಕ್ಕೆ ಆಗಲಿ, ಅದಕ್ಕೆ ಅವಸರವಿಲ್ಲ.

ಬರುವ ವಾರದ ಮುಂದಿನ ವಾರ ಪಂಚಮಿ. ಈ ವರ್ಷ ನಮ್ಮ ತವರಿನಲ್ಲಿ ಹಬ್ಬವಿಲ್ಲ. ಉಂಡಿ ಕಟ್ಟುವುದಿಲ್ಲ, ಜೋಕಾಲಿ ಕಟ್ಟುವುದಿಲ್ಲ. ತಮ್ಮ ಬಂದು ಅಕ್ಕನನ್ನು ಕರೆಯುವ ಕಾರಣವೂ ಇಲ್ಲ. ಕಾರಣವಿದ್ದಾಗ ನಾವಿಬ್ಬರೂ ಏನು ಮಾಡಿದೆವೆಂದು ನೋಡಿದೆವಲ್ಲ. ನೀ ಬಾ. ಕರಿಯಾಕ ಅಲ್ಲ, ಸುಮ್ನ ಬಾ. ನನ್ನ ಎದುರಿಗೆ ಕುಂತು ಒಂದು ರೊಟ್ಟಿ ತಿನ್ನು. ನನಗ ಅವ್ವನ ಬಗ್ಗೆ ಮಾತಾಡಬೇಕಾಗೇತಿ, ಅಕಿನ್ನ ಬಲ್ಲವರು ಇಲ್ಲಿ ಯಾರೂ ಇಲ್ಲ.

ಈ ಕಾಗದ ಇವತ್ತು ಟಪಾಲಿಗೆ ಹಾಕತೇನಿ, ಮಂಗಳವಾರ ನಿನ್ನ ಕೈಗೆ ಮುಟ್ಟತೈತಿ. ಓದಿದ ಮ್ಯಾಲ ಮಡಚಿ ಕಿಸೇದಾಗ ಇಟಗೊಂಡು, ಉಟ್ಟ ಅರಿವ್ಯಾಗ ಹೊರಡು. ಯಾವ ಬಸ್ಸ ಮೊದಲ ಬರ್ತೈತಿ ಅದನ್ನ ಹತ್ತು. ಇವತ್ತ ಮಂಗಳವಾರ ಅಂತ ಅನ್ನಬ್ಯಾಡ.

ನಿನ್ನ ಅಕ್ಕ,
ವಾಣಿ